ದಪ್ಪಗಿದ್ದರೆ ಗಟ್ಟಿಯೇ?

ಫ್ಯಾಬ್ರಿಕೇಶನ್ ಶೆಡ್ಡುಗಳಲ್ಲಿ ಒಂದು ಮಾತು ಆಗಾಗ ಕಿವಿಗೆ ಬೀಳುತ್ತದೆ: 'ಡೌಟ್ ಇದ್ರೆ ಇನ್ನೊಂದು ಸೈಜ್ ದಪ್ಪದ ಪ್ಲೇಟ್ ಹಾಕ್ಬಿಡಿ ಸಾರ್, ತಲೆನೋವೇ ಇರಲ್ಲ.' ಹತ್ತು ಎಂಎಂ ಸಾಲದು ಅನ್ನಿಸಿದರೆ ಹನ್ನೆರಡು, ಅದೂ ಅನುಮಾನವಾದರೆ ಹದಿನಾರು. ನೀರಿನ ಟ್ಯಾಂಕಿನ ಸ್ಟ್ಯಾಂಡಿಗೆ, ಮನೆಯ ಕಬ್ಬಿಣದ ಮೆಟ್ಟಿಲಿಗೆ ಈ ಮಾತು ಸರಿಯೇ. ಟ್ಯಾಂಕು ಒಮ್ಮೆ ಏರಿ ಕೂತರೆ ಕೂತೇ ಇರುತ್ತದೆ. ಅದರ ಭಾರ ಹೊರಲು ಉಕ್ಕು ಎಷ್ಟು ಹೆಚ್ಚಿದ್ದರೆ ಅಷ್ಟು ನಿಶ್ಚಿಂತೆ.

ಈಗ ಒಂದು ಸಣ್ಣ ಒಗಟು. ಎರಡು ಪ್ಲೇಟುಗಳನ್ನು 'ಟಿ' ಅಕ್ಷರದ ಹಾಗೆ ನಿಲ್ಲಿಸಿ ಎರಡೂ ಮಗ್ಗುಲಿಗೆ ಬೆಸುಗೆ ಹಾಕಿದ್ದೇವೆ. ಒಂದು ಜೋಡಣೆ 12 ಎಂಎಂ ಪ್ಲೇಟಿನದು, ಇನ್ನೊಂದು 50 ಎಂಎಂ ಪ್ಲೇಟಿನದು. ಆಕಾರ ಒಂದೇ, ಚಿಕ್ಕದರ ನಕಾಶೆಯನ್ನು ಹಿಗ್ಗಿಸಿದರೆ ದೊಡ್ಡದು ಸಿಗುತ್ತದೆ. ದೊಡ್ಡದಕ್ಕೆ ಅದರ ಗಾತ್ರಕ್ಕೆ ತಕ್ಕಷ್ಟು ಹೆಚ್ಚು ಬಲ ಹಾಕಿ, ಎರಡರಲ್ಲೂ ಉಕ್ಕಿನ ಒಂದೊಂದು ಚದರ ಮಿಲಿಮೀಟರಿಗೆ ಬೀಳುವ ಪಾಲು ಸಮನಾಗಿರುವಂತೆ ನೋಡಿಕೊಂಡಿದ್ದೇವೆ. ಈ ಪಾಲನ್ನೇ ಎಂಜಿನಿಯರುಗಳು ಸ್ಟ್ರೆಸ್ ಎನ್ನುತ್ತಾರೆ, ಕನ್ನಡ ಪಠ್ಯಪುಸ್ತಕಗಳು ಪೀಡನ ಎನ್ನುತ್ತವೆ. ಆಮೇಲೆ ಎರಡನ್ನೂ ಎಳೆದು ಬಿಡುವುದು, ಮತ್ತೆ ಎಳೆದು ಬಿಡುವುದು. ಹೀಗೆ ಲಕ್ಷಗಟ್ಟಲೆ ಸಲ. ಯಾವುದು ಮೊದಲು ಮುರಿಯುತ್ತದೆ?

ಪೀಡನ ಒಂದೇ ಆದ್ದರಿಂದ ಎರಡೂ ಒಟ್ಟಿಗೇ ಮುರಿಯಬೇಕು ಎಂದು ಲೆಕ್ಕ ಬಲ್ಲವರು ಹೇಳಿಯಾರು. ತೆಳುವಾದದ್ದೇ ಮೊದಲು ಎಂದು ಉಳಿದವರು ಹೇಳಿಯಾರು. ನಿಜವಾಗಿ ಮೊದಲು ಮುರಿಯುವುದು 50 ಎಂಎಂನದು.

ಬಂದು ಹೋಗುವ ಭಾರ

ಲೋಹಕ್ಕೂ ದಣಿವಿದೆ ಎಂಬುದು ಜಗತ್ತಿಗೆ ತಿಳಿದದ್ದು ರೈಲಿನಿಂದ. 1842ರ ಮೇ 8ರಂದು ವರ್ಸೈನಿಂದ ಪ್ಯಾರಿಸಿಗೆ ಮರಳುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿಯಿತು. ಬೋಗಿಗಳು ಒಂದರ ಮೇಲೊಂದು ಏರಿ ಬೆಂಕಿ ಹತ್ತಿಕೊಂಡು ಐವತ್ತಕ್ಕೂ ಹೆಚ್ಚು ಜನ ಸತ್ತರು. ನಿನ್ನೆಯವರೆಗೂ ಅದೇ ಭಾರ ಹೊತ್ತು ಓಡಿದ್ದ ಅಚ್ಚು ಇಂದು ಏಕೆ ಮುರಿಯಬೇಕು? ಪ್ರಷ್ಯದ ರೈಲ್ವೆ ಎಂಜಿನಿಯರ್ ಆಗುಸ್ಟ್ ವ್ಯೋಲರ್ 1850ರ ದಶಕದಿಂದ 1870ರವರೆಗೆ ಇದೇ ಪ್ರಶ್ನೆಯ ಬೆನ್ನು ಹತ್ತಿದ. ಅಚ್ಚುಗಳನ್ನು ಯಂತ್ರಕ್ಕೆ ಸಿಕ್ಕಿಸಿ, ಬಾಗಿಸಿದ ಸ್ಥಿತಿಯಲ್ಲೇ ಮುರಿಯುವವರೆಗೆ ತಿರುಗಿಸಿ, ಸುತ್ತು ಎಣಿಸಿದ. ಒಂದೇ ಪೆಟ್ಟಿಗೆ ಮುರಿಯಲು ಬೇಕಾದುದಕ್ಕಿಂತ ಎಷ್ಟೋ ಕಡಿಮೆ ಬಲವೂ ಮತ್ತೆ ಮತ್ತೆ ಬಂದು ಹೋದರೆ ಲೋಹವನ್ನು ಮುರಿಯುತ್ತದೆ, ಮತ್ತು ಲೆಕ್ಕಕ್ಕೆ ಬರುವುದು ಮುಖ್ಯವಾಗಿ ಏರಿಳಿತದ ಅಳತೆ ಎಂದು ಅವನ ಯಂತ್ರಗಳು ತೋರಿಸಿದವು.

ವ್ಯೋಲರನ ಅಚ್ಚುಗಳಿಗೆ ಬೆಸುಗೆ ಇರಲಿಲ್ಲ. ಬೆಸುಗೆ ಬಂದ ಮೇಲೆ ಕತೆಯೇ ಬೇರೆಯಾಯಿತು.

ಬೆಸೆದ ಒಂದು ಜೋಡಣೆಯನ್ನು ಹತ್ತಿರದಿಂದ ನೋಡಿ. ಕರಗಿ ಗಟ್ಟಿಯಾದ ಉಬ್ಬು ಕೊನೆಗೊಂಡು ಪ್ಲೇಟಿನ ಮೈ ಶುರುವಾಗುವ ಒಂದು ಗೆರೆ ಇದೆ. ವೆಲ್ಡಿಂಗಿನವರು ಅದನ್ನು ಟೋ ಎನ್ನುತ್ತಾರೆ. ನಾವು ಬೆಸುಗೆಯ ಪಾದ ಎನ್ನೋಣ. ಪ್ಲೇಟಿನಲ್ಲಿ ನೇರವಾಗಿ ಹರಿದು ಬರುತ್ತಿದ್ದ ಬಲ ಇಲ್ಲಿ ಥಟ್ಟನೆ ತಿರುವು ತೆಗೆದುಕೊಳ್ಳಬೇಕು. ಕಾಲುವೆಯ ತಿರುವಿನಲ್ಲಿ ನೀರು ಒಂದೇ ದಡಕ್ಕೆ ಒತ್ತರಿಸುವಂತೆ ಬಲವೂ ಪಾದದಲ್ಲಿ ಒತ್ತರಿಸುತ್ತದೆ. ಅಲ್ಲಿನ ಪೀಡನ ಸುತ್ತಲಿನದರ ಎರಡು ಮೂರು ಪಟ್ಟಾಗುವುದು ಸಾಮಾನ್ಯ. ಸಾಲದ್ದಕ್ಕೆ ಅದೇ ಗೆರೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸ್ಲ್ಯಾಗ್ ಚೂರುಗಳು, ಅಂದರೆ ಬೆಸುಗೆಯ ಕಿಟ್ಟದ ಚೂರುಗಳು, ಸಿಕ್ಕಿಕೊಂಡಿರುತ್ತವೆ. ಅವುಗಳ ಆಳ ಮಿಲಿಮೀಟರಿನ ಹತ್ತನೇ ಒಂದರಿಂದ ಹತ್ತನೇ ನಾಲ್ಕು ಭಾಗ, ಅಷ್ಟೆ. ಮೂರನೆಯದಾಗಿ, ಒಣಗುವ ಕೆರೆಯಂಗಳದ ಮಣ್ಣು ತನ್ನನ್ನು ತಾನೇ ಎಳೆದುಕೊಳ್ಳುವ ಹಾಗೆ, ತಣಿಯುವ ಬೆಸುಗೆ ಕುಗ್ಗುತ್ತ ತನ್ನ ಸುತ್ತಲಿನ ಉಕ್ಕನ್ನು ಎಳೆದು ಹಿಡಿದಿರುತ್ತದೆ. ಹೊರಗಿನ ಭಾರ ಬರುವ ಮೊದಲೇ ಅಲ್ಲಿ ಉಕ್ಕು ತಾಳುವ ಮಿತಿಯ ಹತ್ತಿರದ ಬಿಗಿತ ಇರುತ್ತದೆ.

ಹಾಗಾಗಿ ನಯವಾದ ಅಚ್ಚಿನಲ್ಲಿ ಬಿರುಕು ಹುಟ್ಟಲಿಕ್ಕೇ ಬಹುಪಾಲು ಆಯುಸ್ಸು ಕಳೆದರೆ, ಬೆಸುಗೆಯಲ್ಲಿ ಬಿರುಕಿನ ಬೀಜ ಮೊದಲ ದಿನವೇ ಬಿತ್ತಿರುತ್ತದೆ. ಅದರ ಆಯುಸ್ಸೆಂದರೆ ಆ ಬೀಜ ಬೆಳೆಯುವ ಅವಧಿ. ಬಿರುಕು ಬೆಳೆಯುವ ವೇಗ ಒಂದು ಉಕ್ಕಿಗೂ ಇನ್ನೊಂದಕ್ಕೂ ಹೆಚ್ಚು ಬೇರೆಯಾಗದ ಕಾರಣ, ದುಬಾರಿಯ ಬಲಶಾಲಿ ಉಕ್ಕು ತಂದು ಬೆಸೆದರೂ ದಣಿವಿನ ವಿಷಯದಲ್ಲಿ ಲಾಭ ಸಿಗುವುದಿಲ್ಲ.

ಬಿರುಕಿನೊಳಗಿನ ಬಣ್ಣ

ಈ ಬೀಜ ಎಷ್ಟು ದೊಡ್ಡ ಮರವಾಗಬಲ್ಲದು ಎಂಬುದಕ್ಕೆ ಉತ್ತರ ಸಮುದ್ರದಲ್ಲಿ ಒಂದು ಸಾಕ್ಷಿ ಇದೆ. ನಾರ್ವೆಯ ತೈಲಕ್ಷೇತ್ರದಲ್ಲಿ ಕಾರ್ಮಿಕರ ವಸತಿಗೆಂದು ನಿಲ್ಲಿಸಿದ್ದ 'ಅಲೆಕ್ಸಾಂಡರ್ ಎಲ್. ಕೀಲಾಂಡ್' ಎಂಬ ತೇಲುವ ವೇದಿಕೆಗೆ ಐದು ಕಂಬಗಳಿದ್ದವು. ಕಂಬಗಳನ್ನು ಹಿಡಿದಿಟ್ಟಿದ್ದ ಅಡ್ಡಕೊಳವೆಗಳಲ್ಲಿ ಒಂದರ ವ್ಯಾಸ 2.6 ಮೀಟರ್, ಗೋಡೆಯ ದಪ್ಪ 26 ಎಂಎಂ. ಆ ಕೊಳವೆಗೆ ಒಂದು ತೂತು ಕೊರೆದು, ನೀರೊಳಗಿನ ಸದ್ದು ಹಿಡಿಯುವ ಹೈಡ್ರೋಫೋನ್ ಕೂರಿಸಲು ಪುಟ್ಟದೊಂದು ಹಿಡಿಕೆಯನ್ನು 6 ಎಂಎಂ ಬೆಸುಗೆಯಿಂದ ಅಂಟಿಸಿದ್ದರು. ಅದು ಯಾವ ಭಾರವನ್ನೂ ಹೊರುವ ಭಾಗವಲ್ಲವೆಂದು ಯಾರೂ ಅದರ ಕಡೆ ಹೆಚ್ಚು ಗಮನ ಕೊಟ್ಟಿರಲಿಲ್ಲ.

1980ರ ಮಾರ್ಚ್ 27ರ ಸಂಜೆ ಬಿರುಗಾಳಿಯಲ್ಲಿ ಆ ಕೊಳವೆ ತುಂಡಾಯಿತು. ಅದರ ಪಾಲಿನ ಭಾರ ಮೈಮೇಲೆ ಬಿದ್ದು ಅದೇ ಕಂಬದ ಉಳಿದ ಐದು ಕೊಳವೆಗಳೂ ಒಂದರ ಹಿಂದೊಂದು ಕಿತ್ತುಬಂದವು. ಕಂಬ ಕಳಚಿತು, ವೇದಿಕೆ ವಾಲಿತು, ಅರ್ಧ ಗಂಟೆಯೊಳಗೆ ಮಗುಚಿತು. ಒಳಗಿದ್ದ 212 ಜನರಲ್ಲಿ 123 ಮಂದಿ ಸತ್ತರು. ತನಿಖೆಯವರು ಆ ಹಿಡಿಕೆಯ ಬೆಸುಗೆಯನ್ನು ಪರೀಕ್ಷಿಸಿದಾಗ ಬಿರುಕಿನ ಒಳಮೈಯಲ್ಲಿ ಬಣ್ಣದ ಗುರುತು ಸಿಕ್ಕಿತು. ಕಾರ್ಖಾನೆಯಲ್ಲಿ ಬಣ್ಣ ಹಚ್ಚುವಾಗಲೇ ಬಿರುಕು ಬಾಯಿ ತೆರೆದಿತ್ತು! ಸಮುದ್ರ ಮಾಡಿದ್ದು ಅದನ್ನು ಬೆಳೆಸುವ ಕೆಲಸ ಮಾತ್ರ.

ಸಮುದ್ರಕ್ಕೆ ಆ ಕೆಲಸದಲ್ಲಿ ಅವಸರವಿಲ್ಲ. ಆರು ಸೆಕೆಂಡಿಗೊಂದು ಅಲೆ ಎಂದುಕೊಂಡರೂ ವರ್ಷಕ್ಕೆ ಐವತ್ತು ಲಕ್ಷ ದಾಟುತ್ತದೆ. ಇಪ್ಪತ್ತು ವರ್ಷಕ್ಕೆ ಹತ್ತು ಕೋಟಿ. ಕೀಲಾಂಡ್ ದುರಂತಕ್ಕೆ ಪ್ಲೇಟಿನ ದಪ್ಪ ಕಾರಣವಲ್ಲ. ಆದರೆ ದಪ್ಪದ ಪ್ರಶ್ನೆ ಎದ್ದದ್ದು ಇದೇ ಸಮುದ್ರದಲ್ಲಿ, ಸರಿಸುಮಾರು ಇದೇ ಹೊತ್ತಿನಲ್ಲಿ.

ನಾಲ್ಕನೆಯ ಮೂಲದ ನಿಯಮ

1970ರ ದಶಕದಲ್ಲಿ ಉತ್ತರ ಸಮುದ್ರದ ತೈಲಕ್ಕಾಗಿ ಹಿಂದೆಂದೂ ಕಟ್ಟದಷ್ಟು ದೊಡ್ಡ ಉಕ್ಕಿನ ಚೌಕಟ್ಟುಗಳು ಎದ್ದವು. ಅವಕ್ಕೆ ಬಳಸಿದ ಪ್ಲೇಟುಗಳೂ ದಪ್ಪ. ಅವು ಎಷ್ಟು ಕಾಲ ತಾಳುತ್ತವೆ ಎಂದು ಲೆಕ್ಕ ಹಾಕಲು ಎಂಜಿನಿಯರುಗಳ ಕೈಯಲ್ಲಿದ್ದ ಅಂಕಿಗಳು ಮಾತ್ರ ಪ್ರಯೋಗಾಲಯದ ತೆಳು ತುಂಡುಗಳವು. ಅದಕ್ಕೆ ಕಾರಣ ಸರಳ. ದಪ್ಪ ತುಂಡನ್ನು ಎಳೆದು ಬಿಡಲು ದೊಡ್ಡ ಯಂತ್ರ ಬೇಕು, ಹೆಚ್ಚು ದುಡ್ಡು ಬೇಕು. ಪೀಡನ ಒಂದೇ ಆದರೆ ದಪ್ಪ ಯಾವುದಾದರೇನು ಎಂಬ ನಂಬಿಕೆ ಬೇರೆ ಇತ್ತು.

ಆ ನಂಬಿಕೆಯನ್ನು ತಡವಿ ನೋಡಿದವರಲ್ಲಿ ಮುಖ್ಯರಾದವರು ಟಿ. ಆರ್. ಗರ್ನಿ. ಕೇಂಬ್ರಿಜ್ ಬಳಿಯ ಅಬಿಂಗ್‌ಟನ್ನಿನಲ್ಲಿರುವ ವೆಲ್ಡಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕೆಲಸ ಮಾಡುತ್ತಿದ್ದ ಅವರು ಬೆಸುಗೆಯ ದಣಿವಿನ ಬಗ್ಗೆ ಇಡೀ ಪುಸ್ತಕವನ್ನೇ ಬರೆದವರು. ಬಿರುಕು ಬೆಳೆಯುವ ಗಣಿತವನ್ನೂ ಪ್ರಯೋಗಗಳ ಫಲಿತಾಂಶಗಳನ್ನೂ ಪಕ್ಕಪಕ್ಕ ಇಟ್ಟು 1979ರಲ್ಲಿ ಅವರು ಒಂದು ಪ್ರಬಂಧ ಮಂಡಿಸಿದರು. ಆಕಾರ ಒಂದೇ ಆಗಿದ್ದರೂ ಪ್ಲೇಟ್ ದಪ್ಪವಾದಂತೆ ಬೆಸುಗೆ ತಾಳಬಲ್ಲ ಪೀಡನ ಇಳಿಯುತ್ತ ಹೋಗುತ್ತದೆ ಎಂಬುದು ಅದರ ಸಾರ. ಎಷ್ಟು ಇಳಿಯುತ್ತದೆ? ಆಧಾರವಾಗಿ ಹಿಡಿದ ದಪ್ಪವನ್ನು ನಿಮ್ಮ ಪ್ಲೇಟಿನ ದಪ್ಪದಿಂದ ಭಾಗಿಸಿ. ಬಂದದ್ದರ ವರ್ಗಮೂಲ ತೆಗೆಯಿರಿ, ಅದರ ವರ್ಗಮೂಲವನ್ನು ಮತ್ತೊಮ್ಮೆ ತೆಗೆಯಿರಿ. ಉಳಿಯುವ ಶಕ್ತಿ ಅಷ್ಟು ಪಾಲು.

1984ರ ಹೊತ್ತಿಗೆ ಈ ನಾಲ್ಕನೆಯ ಮೂಲದ ನಿಯಮ ಬ್ರಿಟಿಷ್ ಸರ್ಕಾರದ ಇಂಧನ ಇಲಾಖೆಯ ಮಾರ್ಗಸೂಚಿಯೊಳಗೆ ಬಂತು. ಚಪ್ಪಟೆ ಪ್ಲೇಟುಗಳ ಜೋಡಣೆಗೆ 22 ಎಂಎಂ, ಕೊಳವೆಗಳು ಕೂಡುವ ಸಂದಿಗೆ 32 ಎಂಎಂ ಆಧಾರದ ದಪ್ಪವಾಯಿತು. ಮುಂದೆ ಪ್ರಯೋಗಗಳು ಹೆಚ್ಚಿದಂತೆ ನಿಯಮ ಇನ್ನಷ್ಟು ಬಿಗಿಯಾಯಿತು. ನಾಲ್ಕನೆಯ ಮೂಲವೆಂದರೆ ಗಣಿತದಲ್ಲಿ 0.25ರ ಘಾತ; ಘಾತ ಹೆಚ್ಚಿದಷ್ಟೂ ಕಡಿತ ಹೆಚ್ಚು. ಕೊಳವೆಗಳ ಸಂದಿಗೆ 1990ರ ದಶಕದಲ್ಲಿ ಆಧಾರ 16 ಎಂಎಂಗೆ ಇಳಿದು, ಘಾತ 0.25ರಿಂದ 0.3ಕ್ಕೆ ಏರಿತು.

ನಿಯಮ ದೂರದ್ದೇನಲ್ಲ, ನಮ್ಮಲ್ಲೂ ಇದೆ. ಉಕ್ಕಿನ ಕಟ್ಟಡಗಳಿಗೆ ಭಾರತೀಯ ಮಾನಕವಾದ ಐಎಸ್ 800ರ 2007ರ ಆವೃತ್ತಿಯಲ್ಲಿ ದಣಿವಿನ ಅಧ್ಯಾಯ ತೆರೆದರೆ, 25 ಎಂಎಂ ಮೀರಿದ ಪ್ಲೇಟುಗಳನ್ನು ಬಲದ ದಾರಿಗೆ ಅಡ್ಡಲಾಗಿ ಬೆಸೆದಲ್ಲಿ ಶಕ್ತಿಯನ್ನು ಎಷ್ಟು ಕಡಿತ ಮಾಡಬೇಕೆಂಬ ಸೂತ್ರ ಸಿಗುತ್ತದೆ. ಅಲ್ಲೂ ಅದೇ ನಾಲ್ಕನೆಯ ಮೂಲ.

ಪಾದವೇ ಶಿಖರ

ಹೆಚ್ಚು ಉಕ್ಕು ಕಡಿಮೆ ಶಕ್ತಿ ಕೊಡುವುದಾದರೂ ಹೇಗೆ?

ಗಾತ್ರ ಹೆಚ್ಚಿಸಿದರೆ ಬಲ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ ಎಂದು 1638ರಲ್ಲೇ ಗೆಲಿಲಿಯೋ ಬರೆದಿದ್ದ. ಅವನು ಹೇಳಿದ್ದು ಸ್ವಂತ ತೂಕದ ಕತೆ: ಆನೆಯ ಮೈಯನ್ನು ಹೊರಲು ಇಲಿಯ ಕಾಲನ್ನು ಅದೇ ಆಕಾರದಲ್ಲಿ ಹಿಗ್ಗಿಸಿದರೆ ಸಾಲದು. ನಮ್ಮ ಟಿ ಜೋಡಣೆಯಲ್ಲಿ ಸ್ವಂತ ತೂಕದ ಪಾತ್ರವಿಲ್ಲ. ಇಲ್ಲಿನ ಗುಟ್ಟು, ಎಲ್ಲವನ್ನೂ ಹಿಗ್ಗಿಸಿದೆವು ಎಂದುಕೊಂಡಾಗ ನಿಜಕ್ಕೂ ಹಿಗ್ಗದೆ ಉಳಿದವು ಯಾವುವು ಎಂಬುದರಲ್ಲಿದೆ.

ಮೊದಲನೆಯದು, ಪಾದದ ದುಂಡು. ಪ್ಲೇಟು ನಾಲ್ಕು ಪಟ್ಟು ದಪ್ಪವಾದರೂ ಬೆಸೆಯುವ ರಾಡು ಅದೇ, ಕರಗಿದ ಉಕ್ಕಿನ ಹನಿಯೂ ಅದೇ. ದಪ್ಪ ಪ್ಲೇಟಿಗೆ ಹೆಚ್ಚು ಪದರ ಹಾಕುತ್ತಾರೆ ನಿಜ, ಆದರೆ ಕೊನೆಯ ಪದರದ ಅಂಚು ಪ್ಲೇಟನ್ನು ಮುಟ್ಟುವಲ್ಲಿ ಮೂಡುವ ದುಂಡು ಹೆಚ್ಚಾಗಿ ಒಂದು ಮಿಲಿಮೀಟರಿಗಿಂತ ಕಡಿಮೆಯೇ. ತೆಳು ಪ್ಲೇಟಿಗೆ ಸೌಮ್ಯವಾಗಿದ್ದ ತಿರುವು ದಪ್ಪ ಪ್ಲೇಟಿಗೆ ಹೋಲಿಸಿದರೆ ಕತ್ತಿಯ ಅಲಗು. ಹರಿದು ಬರುವ ಬಲ ಹೆಚ್ಚಾಗಿದೆ, ತಿರುವು ಮಾತ್ರ ಹಳೆಯದೇ. ಒತ್ತರ ಹೆಚ್ಚದೆ ಇನ್ನೇನಾದೀತು?

ಎರಡನೆಯದು, ಬಿರುಕಿನ ಬೀಜ. ಸ್ಲ್ಯಾಗಿನ ಚೂರಿಗೆ ತಾನು ಎಷ್ಟು ದಪ್ಪದ ಪ್ಲೇಟಿನಲ್ಲಿದ್ದೇನೆಂದು ಗೊತ್ತಿಲ್ಲ. 12 ಎಂಎಂನಲ್ಲೂ 50 ಎಂಎಂನಲ್ಲೂ ಅದರ ಅಳತೆ ಒಂದೇ. ಇದೇ ಇಡೀ ವಿಚಾರದ ತಿರುಳು.

ಪೀಡನವನ್ನು ಒಂದು ಗುಡ್ಡ ಎಂದುಕೊಳ್ಳಿ. ಬೆಸುಗೆಯ ಪಾದವೇ ಈ ಗುಡ್ಡದ ಶಿಖರ. ಅಲ್ಲಿಂದ ಪ್ಲೇಟಿನ ಒಳಕ್ಕೆ ಹೋದಂತೆ ಇಳಿಜಾರು, ಕೊನೆಗೆ ಬಯಲು. ಇಳಿಜಾರು ಎಷ್ಟು ದೂರ ಚಾಚಿದೆ ಎಂಬುದು ದಪ್ಪವನ್ನು ಅವಲಂಬಿಸಿದೆ. ಪ್ಲೇಟನ್ನು ಹಿಗ್ಗಿಸಿದಾಗ ಗುಡ್ಡವೂ ಅಡ್ಡಕ್ಕೆ ಹಿಗ್ಗುತ್ತದೆ. ಲೆಕ್ಕಕ್ಕೆಂದು, ದಪ್ಪದ ಹತ್ತನೇ ಒಂದು ಭಾಗ ಒಳಗೆ ಹೋದರೆ ಗುಡ್ಡ ಬಹುತೇಕ ಇಳಿದಿರುತ್ತದೆ ಎಂದಿಟ್ಟುಕೊಳ್ಳೋಣ. 10 ಎಂಎಂ ಪ್ಲೇಟಿನಲ್ಲಿ ಆ ದೂರ 1 ಎಂಎಂ; 50 ಎಂಎಂನಲ್ಲಿ 5 ಎಂಎಂ. ಈಗ ಶಿಖರದಿಂದ ಅರ್ಧ ಮಿಲಿಮೀಟರ್ ಒಳಗೆ ಬೆಳೆದ ಬಿರುಕಿನ ತುದಿ ಎಲ್ಲಿದೆ ನೋಡಿ. ತೆಳು ಪ್ಲೇಟಿನಲ್ಲಿ ಅದು ಆಗಲೇ ಅರ್ಧ ಗುಡ್ಡ ಇಳಿದು, ಪೀಡನ ತಗ್ಗಿದ ಜಾಗದಲ್ಲಿ ತೆವಳುತ್ತಿದೆ. ದಪ್ಪ ಪ್ಲೇಟಿನಲ್ಲಿ ಇನ್ನೂ ನೆತ್ತಿಯ ಬಳಿಯೇ ಇದ್ದು ಭರದಿಂದ ಬೆಳೆಯುತ್ತಿದೆ.

ಬಿರುಕಿನ ಬಾಳಿನಲ್ಲಿ ಶೈಶವವೇ ದೀರ್ಘ. ಮೊದಲ ಒಂದೆರಡು ಮಿಲಿಮೀಟರ್ ಬೆಳೆಯಲು ಆಯುಸ್ಸಿನ ಬಹುಪಾಲು ಬೇಕು. ಆಮೇಲೆ ವೇಗ ತಾನಾಗಿ ಏರುತ್ತದೆ. ಆ ನಿಧಾನದ ಹೊತ್ತಿನಲ್ಲೇ ದಪ್ಪ ಪ್ಲೇಟು ಬಿರುಕಿಗೆ ಬಿಸಿಬಿಸಿ ಊಟ ಬಡಿಸುತ್ತದೆ. ಮುಂದೆ ದಾಟಬೇಕಾದ ಉಕ್ಕು ಹೆಚ್ಚಿದೆ ಎಂಬ ಅನುಕೂಲ, ಆರಂಭದ ಈ ನಷ್ಟವನ್ನು ತುಂಬಲಾರದು.

ಇವೆರಡರ ಜೊತೆ ಸಣ್ಣ ಕಾರಣಗಳೂ ಇವೆ. ದೊಡ್ಡ ಜೋಡಣೆಯಲ್ಲಿ ಬೆಸುಗೆ ಹೆಚ್ಚು, ಆದ್ದರಿಂದ ಕೆಟ್ಟದೊಂದು ಬೀಜ ಸಿಕ್ಕುವ ಸಂಭವವೂ ಹೆಚ್ಚು. ದಪ್ಪ ಪ್ಲೇಟು ಬಗ್ಗಿ ಕೊಡುವುದಿಲ್ಲವಾದ್ದರಿಂದ ತಣಿಯುವಾಗಿನ ಬಿಗಿತವೂ ಜೋರು. ಆದರೆ ಮುಖ್ಯ ಪಾತ್ರ ಗುಡ್ಡದ್ದೇ.

ಎಂಟು ಪಟ್ಟಿನ ಆಸೆ

ಹಾಗಾದರೆ ದಪ್ಪ ಪ್ಲೇಟ್ ಹಾಕುವುದೇ ತಪ್ಪೇ? ಅಲ್ಲ. ಲೆಕ್ಕ ಮಾಡಿ ನೋಡೋಣ.

ಬೆಸೆದ ಉಕ್ಕಿನಲ್ಲಿ ಆಯುಸ್ಸು ಪೀಡನದ ಏರಿಳಿತದ ಘನಕ್ಕೆ ತಿರುಗುಮುರುಗು. ಪೀಡನ ಅರ್ಧವಾದರೆ ಆಯುಸ್ಸು ಎಂಟು ಪಟ್ಟು. ಬರಿಯ ಎಳೆತ ಹೊರುವ 25 ಎಂಎಂ ಪ್ಲೇಟಿನ ಒಂದು ಜೋಡಣೆ ಹತ್ತು ವರ್ಷ ಬಾಳುತ್ತದೆ ಎಂದುಕೊಳ್ಳಿ. ಹೊರುವ ಬಲ ಅಷ್ಟೇ ಇಟ್ಟು ಪ್ಲೇಟನ್ನು 50 ಎಂಎಂ ಮಾಡಿದರೆ ಪೀಡನ ಅರ್ಧವಾಗುತ್ತದೆ. ಎಂಬತ್ತು ವರ್ಷ ಬಾಳಬೇಕು. ನಾಲ್ಕನೆಯ ಮೂಲದ ನಿಯಮ ನಡುವೆ ಕೈಹಾಕಿ ಶಕ್ತಿಯ ಶೇ. 16ರಷ್ಟನ್ನು ಕಿತ್ತುಕೊಳ್ಳುತ್ತದೆ. ಸಿಗುವುದು ಸುಮಾರು 48 ವರ್ಷ. ಲಾಭವೇ, ಆದರೆ ನಕಾಶೆ ಬರೆದವರು ಎಣಿಸಿದಷ್ಟಲ್ಲ.

ಅಪಾಯ ಇರುವುದು ಇನ್ನೊಂದು ಕಡೆ. ಪ್ಲೇಟು ದಪ್ಪವಾಯಿತಲ್ಲ, ಇನ್ನಷ್ಟು ಭಾರ ಹೊರಲಿ ಎಂದು ಪೀಡನವನ್ನು ಮೊದಲಿನ ಮಟ್ಟಕ್ಕೇ ಏರಿಸಿದರೆ, ಹತ್ತು ವರ್ಷದ ಆಯುಸ್ಸು 50 ಎಂಎಂನಲ್ಲಿ ಆರು ವರ್ಷಕ್ಕೆ ಇಳಿಯುತ್ತದೆ. 100 ಎಂಎಂನಲ್ಲಿ ಮೂರೂವರೆಗೆ. ದೊಡ್ಡ ರಚನೆಗಳಲ್ಲಿ ಆಗುವುದು ಹೆಚ್ಚಾಗಿ ಇದೇ. ಸುಮ್ಮನೆ ಯಾರೂ ದಪ್ಪ ಪ್ಲೇಟು ಕೊಳ್ಳುವುದಿಲ್ಲ, ಭಾರ ಹೆಚ್ಚಿದ್ದಕ್ಕೇ ಕೊಳ್ಳುತ್ತಾರೆ.

ಇನ್ನೊಂದು ಸೂಕ್ಷ್ಮವಿದೆ. ದಪ್ಪ ಪ್ಲೇಟಿನ ಮೇಲೆ ಬೆಸೆದ ತುಂಡು ತೀರ ಸಣ್ಣದಾಗಿದ್ದರೆ ಗುಡ್ಡವೂ ಸಣ್ಣದೇ ಆಗಿರುತ್ತದೆ. ಗುಡ್ಡದ ಹರವನ್ನು ಪ್ಲೇಟಿನ ದಪ್ಪವೊಂದೇ ನಿರ್ಧರಿಸುವುದಿಲ್ಲ. ಬೆಸೆದ ತುಂಡಿನ ಒಂದು ಪಾದದಿಂದ ಇನ್ನೊಂದು ಪಾದಕ್ಕಿರುವ ದೂರವೂ ನಿರ್ಧರಿಸುತ್ತದೆ. ಆ ದೂರ ಪ್ಲೇಟಿನ ದಪ್ಪದ ಎರಡು ಪಟ್ಟನ್ನು ಮೀರದಿದ್ದರೆ, ಕಡಿತದ ಲೆಕ್ಕದಲ್ಲಿ ನಿಜವಾದ ದಪ್ಪದ ಬದಲು ಅದಕ್ಕಿಂತ ಕಡಿಮೆ ದಪ್ಪ ಹಿಡಿಯಲು ಅಂತರರಾಷ್ಟ್ರೀಯ ವೆಲ್ಡಿಂಗ್ ಸಂಸ್ಥೆಯ ಶಿಫಾರಸುಗಳು ಅವಕಾಶ ಕೊಡುತ್ತವೆ. 'ದಪ್ಪದ ಪರಿಣಾಮ' ಎಂದು ಹೆಸರಿದ್ದರೂ ಅದು ನಿಜದಲ್ಲಿ ಇಡೀ ಜೋಡಣೆಯ ಗಾತ್ರದ ಪರಿಣಾಮ.

ಪಾದಕ್ಕೆ ಮದ್ದು

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಅರ್ಧ ಮಿಲಿಮೀಟರಿನಲ್ಲಿ ಕಳೆದುಕೊಂಡದ್ದನ್ನು ಟನ್ನುಗಟ್ಟಲೆ ಉಕ್ಕು ಸುರಿದು ಪಡೆಯುವುದು ಕಷ್ಟ. ಅದನ್ನು ಕಳೆದುಕೊಂಡಲ್ಲೇ ಹುಡುಕುವುದು ಜಾಣತನ.

ಸಣ್ಣ ಗ್ರೈಂಡಿಂಗ್ ಬರ್ ಹಿಡಿದು ಪಾದದ ಗೆರೆಯನ್ನು, ಇದ್ದ ಮೈಗಿಂತ ಕನಿಷ್ಠ ಅರ್ಧ ಮಿಲಿಮೀಟರ್ ಆಳಕ್ಕೆ ನಯವಾಗಿ ಉಜ್ಜಿದರೆ ಎರಡು ಕೆಲಸ ಒಟ್ಟಿಗೇ ಆಗುತ್ತವೆ: ಸ್ಲ್ಯಾಗಿನ ಬೀಜ ಕಿತ್ತು ಬರುತ್ತದೆ, ತಿರುವಿನ ದುಂಡು ದೊಡ್ಡದಾಗುತ್ತದೆ. ಇಷ್ಟಕ್ಕೆ ತಾಳುವ ಪೀಡನ 1.3 ಪಟ್ಟಾಗುತ್ತದೆಂದು ಲೆಕ್ಕ ಹಿಡಿಯುತ್ತಾರೆ, ಅಂದರೆ ಆಯುಸ್ಸು ಎರಡು ಪಟ್ಟಿಗೂ ಹೆಚ್ಚು. ದಪ್ಪದ ದಂಡವೂ ಇಳಿಯುತ್ತದೆ. ಅಡ್ಡ ಬೆಸೆದ ಜೋಡಣೆಗೆ 0.3 ಇದ್ದ ಘಾತವನ್ನು ಪಾದ ಉಜ್ಜಿದಾಗ 0.2 ಎಂದು ಹಿಡಿಯಬಹುದು. ಉಜ್ಜುವುದರಲ್ಲೂ ಹದವಿದೆ. ಉಜ್ಜಿದ ಗೀರುಗಳು ಪಾದದ ಉದ್ದಕ್ಕೆ ಉಳಿದರೆ ಅವೇ ಹೊಸ ಬೀಜಗಳು. ಗೀರು ಬಲದ ದಿಕ್ಕಿನಲ್ಲಿರಬೇಕು. ಇನ್ನೊಂದು ದಾರಿ ಪಾದವನ್ನು ಬಡಿಯುವುದು. ಸುತ್ತಿಗೆಯ ಪೆಟ್ಟಿಗೆ ಮೈ ಒಳಸರಿದು, ಎಳೆದು ಹಿಡಿದಿದ್ದ ಜಾಗ ಒತ್ತಿ ಹಿಡಿಯುವ ಜಾಗವಾಗುತ್ತದೆ, ಬಿರುಕಿನ ಬಾಯಿ ಮುಚ್ಚಿಕೊಳ್ಳುತ್ತದೆ. ಈ ಮದ್ದುಗಳಿಗೂ ಮಿತಿಯಿದೆ. ಬೆಸುಗೆ ಪೂರ್ತಿ ಒಳಗಿಳಿಯದೆ ಬುಡದಲ್ಲಿ ಸಂದು ಉಳಿದಿದ್ದರೆ ಬಿರುಕು ಅಲ್ಲಿಂದ ಹೊರಡುತ್ತದೆ. ಆಗ ಮೇಲಿನ ಪಾದವನ್ನು ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ.

ಇಂದು ಈ ಪಾಠಕ್ಕೆ ದೊಡ್ಡ ಪರೀಕ್ಷೆ ನಡೆಯುತ್ತಿರುವುದು ಮತ್ತೆ ಉತ್ತರ ಸಮುದ್ರದಲ್ಲೇ. ತೈಲದ ವೇದಿಕೆಗಳ ಕಡಲಲ್ಲಿ ಈಗ ಗಾಳಿಯಂತ್ರಗಳ ಸಾಲು. ಅವುಗಳಲ್ಲಿ ಹೆಚ್ಚಿನವು ಒಂದೊಂದೂ ಕಡಲತಳಕ್ಕೆ ಬಡಿದಿಳಿಸಿದ ಒಂದೇ ದೈತ್ಯ ಕೊಳವೆಯ ಮೇಲೆ ನಿಲ್ಲುತ್ತವೆ. ದೊಡ್ಡ ಯಂತ್ರಗಳಲ್ಲಿ ಆ ಕೊಳವೆಯ ಗೋಡೆ 100 ಎಂಎಂ ಆಸುಪಾಸು ದಪ್ಪ. ಸುರುಳಿ ಮಾಡಿದ ಪ್ಲೇಟುಗಳನ್ನು ಒಂದರ ಮೇಲೊಂದು ಇಟ್ಟು ಸುತ್ತಲೂ ಬೆಸೆಯುತ್ತಾರೆ. ಅಲ್ಲಿ ದಪ್ಪದ ಕಡಿತ ಅಡಿಟಿಪ್ಪಣಿಯಲ್ಲ, ಇಡೀ ಕೊಳವೆಯ ಅಳತೆಯನ್ನೇ ಅದು ನಿರ್ಧರಿಸಬಲ್ಲದು. ತೀರ ಬಿಗಿಯಾದ ಕಡೆ ಬೆಸುಗೆಯ ಉಬ್ಬನ್ನು ಪ್ಲೇಟಿನ ಮಟ್ಟಕ್ಕೆ ಉಜ್ಜಿಬಿಡುತ್ತಾರೆ. ಪಾದವೇ ಇಲ್ಲದ ಮೇಲೆ ಘಾತ 0.1ಕ್ಕೆ ಇಳಿಯುತ್ತದೆ. ಏಣಿ, ಕಟ್ಟೆಯಂಥ ಬಿಡಿಭಾಗಗಳನ್ನು ಆದಷ್ಟೂ ಕೊಳವೆಯ ಮೈಗೆ ಬೆಸೆಯದಂತೆ ನೋಡಿಕೊಳ್ಳುತ್ತಾರೆ. ಭಾರ ಹೊರದ ಪುಟ್ಟ ಹಿಡಿಕೆಯೊಂದು ಏನು ಮಾಡಬಲ್ಲದು ಎಂಬುದನ್ನು ಆ ಕಡಲು 1980ರಲ್ಲೇ ತೋರಿಸಿಕೊಟ್ಟಿದೆ.

ಇನ್ನೊಂದು ಸೈಜ್ ದಪ್ಪದ ಪ್ಲೇಟ್ ಹಾಕಿ ಎನ್ನುವವರ ಮಾತು ಪೂರ್ತಿ ಸುಳ್ಳಲ್ಲ. ಭಾರ ಕೂತಲ್ಲೇ ಕೂರುವುದೋ ಬಂದು ಹೋಗುವುದೋ ಎಂದು ಮೊದಲು ಕೇಳಬೇಕು. ಬಂದು ಹೋಗುವುದಾದರೆ ಪ್ಲೇಟಿನ ಅಂಚಿಗೆ ಟೇಪು ಹಿಡಿದು ದಪ್ಪ ಅಳೆದರೆ ಸಾಲದು. ಟಾರ್ಚ್ ತಂದು ಬೆಸುಗೆಯ ಪಾದದ ಮೇಲೆ ಓರೆಯಾಗಿ ಬೆಳಕು ಬಿಟ್ಟು, ಬಗ್ಗಿ ನೋಡಬೇಕು.